ಎರಡು ಲಿನಕ್ಸ್ ಕಂಪ್ಯೂಟರ್‌ಗಳ ನಡುವೆ ಫೈಲ್ ಕಳಿಸಲು ಸಾಂಬಾ ಬೇಕೇ ಬೇಕಾ?

ಮನೆಯಲ್ಲಿ ಎರಡು ಲಿನಕ್ಸ್ ಕಂಪ್ಯೂಟರ್ ಇವೆ, ಎರಡೂ ಒಂದೇ ರೂಟರ್‌ಗೆ ಸೇರಿವೆ, ಪೆನ್‌ಡ್ರೈವ್ ಹಿಡಿದು ಓಡಾಡಿ ಸಾಕಾಗಿದೆ, ಸಾಂಬಾ (ವಿಂಡೋಸ್ ಜೊತೆಯೂ ಫೈಲ್ ಹಂಚಿಕೊಳ್ಳಲು ಬಿಡುವ ಸಾಫ್ಟ್‌ವೇರ್) ಹಾಕಲು ಹೋಗಿ ತಲೆ ಕೆಟ್ಟಿದೆ ಅಂದಿದ್ದೀರಿ. ಸಾಂಬಾ ಬಿಟ್ಟುಬಿಡಿ. ಮನೆಯಲ್ಲಿ ವಿಂಡೋಸ್ ಕೂಡ ಇದ್ದರೆ ಅದರ ಮಾತು ಬೇರೆ. ಎರಡೂ ಕಡೆ ಲಿನಕ್ಸೇ ಇರುವಾಗ ಎಸ್‌ಎಸ್‌ಎಚ್ ಸಾಕು, ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಸೇರುವ ದಾರಿ ಅದು.

ಫೈಲ್ ಇರುವ ಕಂಪ್ಯೂಟರ್‌ಗೆ ಓಪನ್‌ಎಸ್‌ಎಸ್‌ಎಚ್ ಸರ್ವರ್ ಹಾಕಿ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಕ್ಲೈಂಟ್ (ಸಂಪರ್ಕಿಸುವ ಭಾಗ) ಮೊದಲೇ ಇರುತ್ತದೆ, ಸರ್ವರ್ (ಸಂಪರ್ಕ ಸ್ವೀಕರಿಸುವ ಭಾಗ) ಇರುವುದಿಲ್ಲ. 'ಕನೆಕ್ಷನ್ ರೆಫ್ಯೂಸ್ಡ್' ಅಂತ ಬಂದರೆ ಮೊದಲು ಇದನ್ನೇ ನೋಡಿ. ಏನೂ ಹೇಳದೆ ಸುಮ್ನೆ ನಿಂತುಬಿಟ್ಟರೆ ಫೈರ್‌ವಾಲ್‌ನಲ್ಲಿ ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್ ಮುಚ್ಚಿರಬಹುದು. ಇಲ್ಲವೇ ಒಂದು ಕಂಪ್ಯೂಟರ್ ಗೆಸ್ಟ್ ವೈಫೈಗೆ ಸೇರಿಕೊಂಡಿರಬಹುದು.

ಇನ್ನೊಂದು ಕಂಪ್ಯೂಟರ್‌ನಲ್ಲಿ ಟರ್ಮಿನಲ್ ಕೂಡ ಬೇಕಿಲ್ಲ. ಫೈಲ್ ಮ್ಯಾನೇಜರ್ ತೆರೆದು ಕಂಟ್ರೋಲ್ ಜೊತೆ ಎಲ್ ಒತ್ತಿ. ವಿಳಾಸದ ಜಾಗದಲ್ಲಿ ಎಸ್‌ಎಫ್‌ಟಿಪಿ, ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಆ ಕಂಪ್ಯೂಟರ್‌ನ ಹೆಸರು ಬರೆಯಿರಿ. ಹೆಸರಿನ ಕೊನೆಗೆ 'ಡಾಟ್ ಲೋಕಲ್' ಸೇರಿಸಿದರೆ ಐಪಿ ನೆನಪಿಡುವ ಗೋಜಿಲ್ಲ. ಎರಡೂ ಕಡೆ ಅವಾಹಿ (ಹೆಸರಿನಿಂದ ಕಂಪ್ಯೂಟರ್ ಹುಡುಕಿಕೊಡುವ ಸೇವೆ) ಓಡುತ್ತಿರಬೇಕು ಅಷ್ಟೇ. ಪಾಸ್‌ವರ್ಡ್ ಕೊಟ್ಟರೆ ಅಲ್ಲಿನ ಫೋಲ್ಡರ್‌ಗಳೆಲ್ಲ ಇಲ್ಲೇ ತೆರೆಯುತ್ತವೆ. ಎಳೆದು ಹಾಕಿ, ಮುಗೀತು.

ಫೈಲ್‌ಗಳು ಜಾಸ್ತಿ ಇದ್ದರೆ ಮಾತ್ರ ಈ ಎಳೆಯೋ ಕೆಲಸ ಬೇಡ. ಅರ್ಧದಲ್ಲಿ ವೈಫೈ ಹೋದರೆ ಎಷ್ಟು ಬಂತು, ಎಷ್ಟು ಬಾಕಿ ಅಂತ ಗೊತ್ತೇ ಆಗುವುದಿಲ್ಲ. ಆಗ ಆರ್‌ಸಿಂಕ್ ಅನ್ನುವ ಫೈಲ್ ನಕಲು ಮಾಡುವ ಕಮಾಂಡ್ ಬಳಸಿ. ಅದು ಎರಡೂ ಕಡೆ ಇರಬೇಕು, ಓಡುವುದು ಅದೇ ಎಸ್‌ಎಸ್‌ಎಚ್ ಮೇಲೆ. ಚಿಕ್ಕ ಎ, ಚಿಕ್ಕ ವಿ, ದೊಡ್ಡ ಪಿ, ಈ ಮೂರು ಆಯ್ಕೆ ಕೊಟ್ಟರೆ ಸಾಕು. ನಡುವೆ ನಿಂತರೆ ಅದೇ ಕಮಾಂಡ್ ಮತ್ತೆ ಕೊಡಿ, ಆಗಲೇ ಬಂದ ಫೈಲ್‌ಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ಇದರಲ್ಲಿ ಒಂದು ಸ್ಲ್ಯಾಶ್ ನನ್ನನ್ನು ಸರಿಯಾಗಿ ಕಾಡಿದೆ. ಕಳಿಸುವ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಇಲ್ಲದಿದ್ದರೆ ಫೋಲ್ಡರ್ ಇಡಿಯಾಗಿ ಹೋಗುತ್ತದೆ. ಇದ್ದರೆ ಒಳಗಿರುವುದು ಮಾತ್ರ ಹೋಗಿ ಅಲ್ಲಿ ಹರಡಿಕೊಳ್ಳುತ್ತದೆ. ನನ್ನ ಬ್ಯಾಕಪ್ ಫೋಲ್ಡರ್‌ನಲ್ಲಿ ಫೋಟೋ, ಹಾಡು ಎರಡೂ ಇದ್ದವು. ನಾನು ಫೋಟೋ ಫೋಲ್ಡರ್‌ಗೆ ಸ್ಲ್ಯಾಶ್ ಹಾಕಿ, ಜೊತೆಗೆ ಡಿಲೀಟ್ ಆಯ್ಕೆಯನ್ನೂ ಕೊಟ್ಟೆ. ಡಿಲೀಟ್ ಅಂದರೆ ಇಲ್ಲಿ ಇಲ್ಲದ್ದು ಅಲ್ಲೂ ಇರಬಾರದು ಅಂತ ಅರ್ಥ. ಫೋಟೋ ಫೋಲ್ಡರ್ ಒಳಗೆ ಹಾಡು ಎಲ್ಲಿರುತ್ತದೆ ಹೇಳಿ? ಬ್ಯಾಕಪ್‌ನಲ್ಲಿದ್ದ ಹಾಡುಗಳೆಲ್ಲ ಹೋದವು. ತಪ್ಪು ನನ್ನದೇ, ಅದು ಹೇಳಿದಷ್ಟು ಮಾಡಿತು. ಈಗ ಡಿಲೀಟ್ ಇರುವ ಕಮಾಂಡನ್ನು ಮೊದಲು ಚಿಕ್ಕ ಎನ್ ಸೇರಿಸಿ ಓಡಿಸುತ್ತೇನೆ. ಏನನ್ನೂ ಮುಟ್ಟದೆ, ಏನೇನು ಅಳಿಸುತ್ತೇನೆ ಅಂತ ಪಟ್ಟಿ ತೋರಿಸುತ್ತದೆ.

ಅಲ್ಲಿನ ಫೋಲ್ಡರ್ ಯಾವಾಗಲೂ ಇಲ್ಲಿ ಕಾಣುತ್ತಿರಬೇಕು ಅಂದರೆ ಎನ್‌ಎಫ್‌ಎಸ್ ಇದೆ. ಅದು ಸಾಮಾನ್ಯವಾಗಿ ಯೂಸರ್ ಹೆಸರು ನೋಡುವುದಿಲ್ಲ, ಲಿನಕ್ಸ್ ಪ್ರತಿ ಯೂಸರ್‌ಗೆ ಕೊಡುವ ನಂಬರ್ ನೋಡುತ್ತದೆ. ನೀವು ಒಂದರಲ್ಲಿ 1000, ಇನ್ನೊಂದರಲ್ಲಿ 1001 ಆಗಿದ್ದರೆ ನಿಮ್ಮದೇ ಫೈಲ್ ನಿಮಗೇ ಬರೆಯಲು ಬಿಡದೇ ಇರಬಹುದು. ಬೂಟ್ ಆಗುವಾಗ ಏನೇನು ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ 'ನೋಫೇಲ್' ಅಂತ ಹಾಕುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಆ ಕಂಪ್ಯೂಟರ್ ಆಫ್ ಇದ್ದ ದಿನ ಇದು ಬೂಟ್ ಆಗುವಾಗಲೇ ತಗಲಿಹಾಕಿಕೊಳ್ಳಬಹುದು.

ಏನೇ ಮಾಡಿದರೂ ನಿಧಾನ ಅನ್ನಿಸಿದರೆ ಎರಡಕ್ಕೂ ಕೇಬಲ್ ಹಾಕಿ ನೋಡಿ. ಗಿಗಾಬಿಟ್ ಆದರೆ ಸೆಕೆಂಡಿಗೆ ಸುಮಾರು 110 ಎಂಬಿ (ಮೆಗಾಬೈಟ್) ಬರಬೇಕು. ಕೇಬಲ್ ಹಾಕಿದ ಮೇಲೂ 11ರ ಹತ್ತಿರವೇ ನಿಂತಿದ್ದರೆ ಲಿಂಕ್ 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್ ಅಂದರೆ ಒಂದು ಬೈಟ್) ಇಳಿದಿದೆ ಅಂತ ಲೆಕ್ಕ. ಗಿಗಾಬಿಟ್‌ಗೆ ಕೇಬಲ್ ಒಳಗಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಸೆಟ್ಟಿಂಗ್ ಕೆದಕುವ ಮೊದಲು ಕೇಬಲ್ ಬದಲಿಸಿ ನೋಡಿ.