ಅಮ್ಮನಿಗೆ ವಾಸಿಯಾಗದಿದ್ದರೆ ನಂಬಿಕೆ ಸಾಲದು ಅಂತಲಾ?

ಇಷ್ಟು ಪ್ರಾರ್ಥಿಸಿದರೂ ಅಮ್ಮನ ಕಾಯಿಲೆ ವಾಸಿಯಾಗಿಲ್ಲ, ಅವರ ನಂಬಿಕೆ ಸಾಲದಾ ಎಂದು ಕೇಳಿದ್ದೀರಿ. ದಯವಿಟ್ಟು ಆ ಮಾತು ಅವರ ಕಿವಿಗೆ ಬೀಳದಿರಲಿ. ಬೈಬಲಿನಲ್ಲಿ ಬರುವ ತ್ರೊಫಿಮ, ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನ ಜೊತೆಯಲ್ಲೇ ಓಡಾಡಿದವನು. ಆದರೂ ಅವನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು (2 ತಿಮೊಥೆಯ 4:20). ತನ್ನ ಶರೀರದಲ್ಲಿ ಮುಳ್ಳಿನಂತೆ ಕಾಡುತ್ತಿದ್ದ ಶೂಲ ತೊಲಗಲೆಂದು ಪೌಲ ಮೂರು ಸಲ ಬೇಡಿಕೊಂಡ. ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ. ಅವನಿಗೆ ನಂಬಿಕೆ ಕಡಿಮೆ ಇತ್ತು ಅನ್ನೋಕಾಗುತ್ತಾ?

‘ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು’ ಎಂಬ ಯೆಶಾಯ 53:5ರ ಮಾತನ್ನು ಯೇಸುವಿನ ಶಿಷ್ಯ ಪೇತ್ರ ಪಾಪದ ಬಿಡುಗಡೆಗೆ ಹೊಂದಿಸುತ್ತಾನೆ. ಹಾಗಂತ ದೇಹ ಲೆಕ್ಕಕ್ಕಿಲ್ಲ ಅಂತಲ್ಲ. ಚಾವಣಿ ತೆಗೆದು ಇಳಿಸಿದ ಪಾರ್ಶ್ವವಾಯು ರೋಗಿಯ ಪಾಪವನ್ನು ಯೇಸುಸ್ವಾಮಿ ಮೊದಲು ಕ್ಷಮಿಸಿದರು, ಆಮೇಲೆ ಎಬ್ಬಿಸಿ ನಡೆಸಿದರು. ಅಲ್ಲಿ ಅವರು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನೂ ಅಲ್ವಾ! ಈಗ ಹೊರುವವರು ನೀವು. ಪಕ್ಕದಲ್ಲಿ ಕೂತು ಪ್ರಾರ್ಥಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.