ಅಡವಿಯಲ್ಲಿದ್ದರೆ ಶಿಕ್ಷೆ ಅಂತಲೇ ಅರ್ಥವಾ?

ಪ್ರಶ್ನೆ: ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಹೊರಟ ಇಸ್ರಾಯೇಲ್ಯರು ಗೊಣಗಿದ್ದಕ್ಕೇ ಅಡವಿಯಲ್ಲಿ, ಅಂದರೆ ಮರುಭೂಮಿಯಲ್ಲಿ, 11 ದಿನದ ದಾರಿ 40 ವರ್ಷ ಆಯಿತು ಅಂತ ಪ್ರಸಂಗಗಳಲ್ಲಿ ಕೇಳುತ್ತಲೇ ಇರುತ್ತೇನೆ. ಒಂದು ವಿಷಯಕ್ಕೆ ವರ್ಷಗಟ್ಟಲೆ ಪ್ರಾರ್ಥಿಸಿದ್ದೇನೆ, ಉತ್ತರವಿಲ್ಲ. ದೇವರ ಹತ್ತಿರ ಜಗಳವನ್ನೂ ಆಡಿದ್ದೇನೆ. ನಾನೂ ಶಿಕ್ಷೆಯಲ್ಲಿದ್ದೇನಾ?

ಉತ್ತರ: ಅಡವಿಯಲ್ಲಿದ್ದೀರಿ ಅನ್ನುವುದೊಂದರಿಂದಲೇ ಅದನ್ನು ತೀರ್ಮಾನಿಸಲು ಆಗುವುದಿಲ್ಲ. ಮೊದಲು ಆ 11 ದಿನದ ಲೆಕ್ಕ ಸರಿಮಾಡಿಕೊಳ್ಳೋಣ. ಬೈಬಲಿನ ಧರ್ಮೋಪದೇಶಕಾಂಡದ ಮೊದಲ ಅಧ್ಯಾಯದಲ್ಲಿ ಅದು ಹೋರೇಬ್ ಬೆಟ್ಟದಿಂದ, ದೇವರು ಕೊಡುತ್ತೇನೆಂದ ಕಾನಾನ್ ದೇಶದ ಅಂಚಿನ ಕಾದೇಶ್ ಬರ್ನೇಯದವರೆಗಿನ ದಾರಿ, ಐಗುಪ್ತದಿಂದ ಹೊರಟ ಇಡೀ ಪ್ರಯಾಣವಲ್ಲ. ಅಷ್ಟೇ ಅಲ್ಲ, ಹೊರಟ ಹೊಸದರಲ್ಲೇ, ಇನ್ನೂ ಯಾರೂ ಗೊಣಗುವ ಮೊದಲೇ, ದೇವರು ಫಿಲಿಷ್ಟಿಯರೆಂಬ ಜನರ ನಾಡಿನ ಹತ್ತಿರದ ದಾರಿ ಬಿಟ್ಟು ಸುತ್ತು ದಾರಿಯಲ್ಲಿ ನಡೆಸಿದನು. ಯಾಕೆ? ಯುದ್ಧ ಕಂಡರೆ ಜನ ಹೆದರಿ ಐಗುಪ್ತಕ್ಕೇ ತಿರುಗಿಬಿಡುತ್ತಾರೆ ಅಂತ. ವಿಮೋಚನಕಾಂಡ 13ರಲ್ಲಿ ಇದು ಸ್ಪಷ್ಟವಾಗಿದೆ, ಆದರೂ ಪ್ರಸಂಗಗಳಲ್ಲಿ ಇದರ ಮಾತೇ ಬರುವುದಿಲ್ಲ ನೋಡಿ.

40 ವರ್ಷದ ತೀರ್ಪು ಬಂದದ್ದು ಆಮೇಲೆ, 12 ಮಂದಿ ಗೂಢಚಾರರು ಕಾನಾನನ್ನು ನೋಡಿ ಬಂದಾಗ. ಅಲ್ಲಿಯವರನ್ನು ಗೆಲ್ಲಲಾಗದು ಅಂದ ಹತ್ತು ಜನರ ಮಾತು ಕೇಳಿ ಜನರೆಲ್ಲ ಹೆದರಿದರು, ಬೇರೆ ನಾಯಕನನ್ನು ಮಾಡಿಕೊಂಡು ಐಗುಪ್ತಕ್ಕೆ ವಾಪಸ್ ಹೋಗೋಣ ಅಂದರು. ಆ 12 ಗೂಢಚಾರರಲ್ಲಿ ಯೆಹೋಶುವ, ಕಾಲೇಬ ಇಬ್ಬರೇ ಬೇಡ ಅಂದವರು. ಆದರೆ ಆ ಇಬ್ಬರೂ ಉಳಿದವರ ಜೊತೆ ಅದೇ ಬಿಸಿಲಲ್ಲಿ, ದೇವರು ದಿನದಿನ ಕೊಡುತ್ತಿದ್ದ ಮನ್ನ ಎಂಬ ಅದೇ ಆಹಾರ ತಿಂದುಕೊಂಡು ಅಷ್ಟೂ ವರ್ಷ ನಡೆದರು, ಅಲ್ವಾ? ಏನೂ ತಿಳಿಯದ ಮಕ್ಕಳೂ ನಡೆದರು. ಒಬ್ಬ ಮನುಷ್ಯ ಅಡವಿಯಲ್ಲಿದ್ದಾನೆ ಅಂದ ಮಾತ್ರಕ್ಕೆ ತಪ್ಪು ಅವನದೇ ಅಂತ ಹೇಳುವವರು ಕಾಲೇಬನಿಗೆ ಏನು ಹೇಳುತ್ತಾರೋ!

ಇನ್ನು ಜಗಳದ ವಿಷಯ. ಅರಣ್ಯಕಾಂಡ 11 ಓದಿ. ಜನ ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅಳುತ್ತಾರೆ. ಇಟ್ಟಿಗೆ ಮಾಡಿಸಿ ಬೆನ್ನು ಮುರಿದದ್ದು ಮಾತ್ರ ನೆನಪಿಲ್ಲ. ಅದೇ ಅಧ್ಯಾಯದಲ್ಲಿ ಅವರ ನಾಯಕ ಮೋಶೆಯೂ ಗೊಣಗುತ್ತಾನೆ, ಅದೂ ಸುಮ್ನೆ ಅಲ್ಲ: ಇವರ ಭಾರ ನನ್ನಿಂದ ಹೊರಲಾಗದು, ಇದಕ್ಕಿಂತ ನನ್ನನ್ನು ಕೊಂದುಬಿಡು ಅನ್ನುತ್ತಾನೆ. ಅವನಿಗೆ ಬೈಗುಳ ಬೀಳಲಿಲ್ಲ, ಭಾರ ಹಂಚಿಕೊಳ್ಳಲು 70 ಮಂದಿ ಹಿರಿಯರು ಸಿಕ್ಕಿದರು. ಅವನು ದೂರು ಹೇಳಿದ್ದು ದೇವರ ಮುಂದೆಯೇ, ಹಿಂದಕ್ಕೆ ಹೋಗುವ ಮಾತನ್ನೂ ಎತ್ತಲಿಲ್ಲ. ನೀವು ಆಡಿದ ಜಗಳವೂ ಹೆಚ್ಚುಕಡಿಮೆ ಇಂಥದ್ದೇ ಅಂತ ನನಗೆ ಅನಿಸುತ್ತದೆ. ನಿಮ್ಮ ಭಾರಕ್ಕೂ ಒಬ್ಬಿಬ್ಬರು ಹೆಗಲು ಕೊಡುವವರು ಇದ್ದರೆ ಮುಚ್ಚಿಡದೆ ಹೇಳಿಕೊಳ್ಳಿ.

ಪ್ರಶ್ನೆ: ಮನ್ನವನ್ನು ಮರುದಿನಕ್ಕೆ ಇಟ್ಟರೆ ಹುಳ ಬೀಳುತ್ತಿತ್ತು. ಹಾಗಾದರೆ ಹಣ ಉಳಿಸುವುದು ನಂಬಿಕೆಯ ಕೊರತೆಯಾ?

ಉತ್ತರ: ಅಷ್ಟು ದೂರ ಎಳೆಯಬೇಡಿ. ಆರನೆಯ ದಿನ ಎರಡು ಪಟ್ಟು ಕೂಡಿಸಿ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಇಟ್ಟುಕೊಳ್ಳಿ ಅಂತ ಹೇಳಿದ್ದೂ ಅದೇ ದೇವರು, ಆಗ ಹುಳ ಬೀಳಲಿಲ್ಲ. ಈ ಇಸ್ರಾಯೇಲ್ಯರು ಐಗುಪ್ತದ ಅರಸ ಫರೋಹನಿಗೆ ಪಿತೋಮ್, ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣಗಳನ್ನು ಕಟ್ಟಿಕೊಟ್ಟ ಜನ, ಕೂಡಿಡುವವನ ಕೆಳಗೆ ದುಡಿದು ಸೋತವರು ಅನ್ನುವುದನ್ನೂ ನೆನಪಿಡಿ. ಉಳಿತಾಯಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಮನ್ನದ ಕಥೆ ಇರುವ ಅಧ್ಯಾಯದ (ವಿಮೋಚನಕಾಂಡ 16) ಇನ್ನೊಂದು ಮಾತು: ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ. ಅದರ ಬಗ್ಗೆ ಯಾರೂ ಪ್ರಶ್ನೆ ಕಳಿಸುವುದಿಲ್ಲ!