ರಾತ್ರಿ ಮೋಟರ್ ಹಾಕಲು ಹೋಗುವವರಿಗೆ 3,000 ರೂಪಾಯಿಯ ಟಾರ್ಚ್ ಬೇಕೇ?

ತ್ರೀ ಫೇಸ್ ಕರೆಂಟು ರಾತ್ರಿಯೇ ಬರುವುದರಿಂದ ದಿನಾ ತೋಟಕ್ಕೆ ಹೋಗಬೇಕು, 300 ರೂಪಾಯಿಯ ಟಾರ್ಚ್ ಸಾಲದೇ ಎಂದು ಕೇಳಿದ್ದೀರಿ. ದಿನಾ ಹೋಗುವವರಿಗೆ ಸಾಲದು. ಕರೆಂಟು ಹೋದಾಗ ಮನೆಯೊಳಗೆ ಓಡಾಡಲು ಮಾತ್ರ ಆಗಿದ್ದರೆ ಎರಡು ಪೆನ್ಸಿಲ್ ಸೆಲ್ಲಿನದು ಸಾಕು ಎನ್ನುತ್ತಿದ್ದೆ.

ಹೆಚ್ಚಿನ ದುಡ್ಡು ಹೋಗುವುದು ಮುಖ್ಯವಾಗಿ ಸೆಲ್ಲಿಗೆ ಮತ್ತು ಡ್ರೈವರ್ ಸರ್ಕ್ಯೂಟಿಗೆ, ಅಂದರೆ ಎಲ್ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಸರ್ಕ್ಯೂಟಿಗೆ. ಲಿಥಿಯಂ ಟಾರ್ಚ್ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು 18650 ಸೆಲ್ಲು: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಅದರ ಮೇಲೆ 9,900 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದಿದ್ದರೆ ಶುದ್ಧ ಸುಳ್ಳು. ಆ ಅಳತೆಯ ಒಳ್ಳೆಯ ಸೆಲ್ಲುಗಳು ಬಹುಪಾಲು 2,500ರಿಂದ 3,500ರೊಳಗೇ ಇರುತ್ತವೆ. ಅನುಮಾನ ಬಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಡಿ. ಅಸಲಿಯದು 45 ಗ್ರಾಂ ಆಸುಪಾಸು ತೂಗುತ್ತದೆ. 30ರ ಹತ್ತಿರ ನಿಂತರೆ ಒಳಗೆ ಸರಕಿಲ್ಲ.

ಎಷ್ಟು ತಾಸು ಉರಿಯುತ್ತದೆ ಎಂಬ ಡಬ್ಬದ ಮೇಲಿನ ಅಂಕಿಯನ್ನೂ ನೀವೇ ಲೆಕ್ಕ ಹಾಕಬಹುದು. 3,000 ಎಂಎಎಚ್ ಸೆಲ್ಲು 3.6 ವೋಲ್ಟಿನಲ್ಲಿ 10.8 ವ್ಯಾಟ್-ಅವರ್. ಒಳ್ಳೆಯ ಟಾರ್ಚ್ ವ್ಯಾಟ್‌ಗೆ ಹೆಚ್ಚುಕಡಿಮೆ 100 ಲ್ಯೂಮೆನ್ (ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ) ಕೊಡುತ್ತದೆ. ಅಲ್ಲಿಗೆ 1,000 ಲ್ಯೂಮೆನ್ ಬರುವುದು ಒಂದು ತಾಸು. ಅದೇ ಸೆಲ್ಲಿನಲ್ಲಿ ಹತ್ತು ತಾಸು ಎಂದಿದ್ದರೆ ಕೆಳಗಿಡಿ. ದುಬಾರಿಯವರೂ ಇಲ್ಲಿ ಪೂರ್ತಿ ಸಾಚಾ ಅಲ್ಲ: ಟಾರ್ಚ್‌ಗಳನ್ನು ಅಳೆಯುವ ಎಎನ್ಎಸ್ಐ ಎಫ್ಎಲ್1 ಮಾನದಂಡದಲ್ಲಿ ಬೆಳಕು ಆರಂಭದ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯವೆಲ್ಲ ಲೆಕ್ಕಕ್ಕೆ ಬರುತ್ತದೆ, ಅತಿ ಪ್ರಖರವಾದ ಟರ್ಬೊ ಮೋಡ್ ಬಿಸಿಯಾಗಿ ಕೆಲವೇ ನಿಮಿಷದಲ್ಲಿ ತಾನೇ ಇಳಿದಿರುತ್ತದೆ. ಹಾಗಾಗಿ 200–300 ಲ್ಯೂಮೆನ್‌ನ ಮಧ್ಯದ ಮೋಡ್ ಎಷ್ಟು ತಾಸು ಎಂದು ನೋಡಿ. ಕಾಲುದಾರಿಗೆ ಅಷ್ಟು ಧಾರಾಳ. ಡ್ರೈವರ್ ಒಳ್ಳೆಯದಿದ್ದರೆ ಸೆಲ್ಲು ಇಳಿದರೂ ಈ ಬೆಳಕು ಬಹುಹೊತ್ತು ಒಂದೇ ಸಮ ಇರುತ್ತದೆ. ಅಗ್ಗದ್ದರಲ್ಲಿ ಎಷ್ಟೋ ಸಲ ಡ್ರೈವರ್ ಬದಲು ಒಂದು ರೆಸಿಸ್ಟರ್ ಅಷ್ಟೇ. ಹಚ್ಚಿದಾಗಿನಿಂದಲೇ ಮಂಕಾಗುತ್ತ ಹೋಗುತ್ತದೆ, ಕಣ್ಣು ಒಗ್ಗಿಕೊಳ್ಳುವುದರಿಂದ ಗೊತ್ತೇ ಆಗುವುದಿಲ್ಲ.

400 ಮೀಟರ್ ದೂರ ಹೋಗುತ್ತದೆ ಎಂಬುದಕ್ಕೆ ಮರುಳಾಗಬೇಡಿ. ಆ ತುದಿಯಲ್ಲಿ ಬೀಳುವುದು ಹುಣ್ಣಿಮೆಯಷ್ಟು ಬೆಳಕು, 0.25 ಲಕ್ಸ್. ನಿಮಗೆ ಬೇಕಾದ್ದು ಕಾಲಿನ ಮುಂದಿನ ಮೂರು ಮಾರು. ಒಣಸೋಗೆಯ ಮೇಲೆ ಮಲಗಿದ ಕೊಳಕುಮಂಡಲ ಹಾವು 6,500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ನೀಲಿ ಬಿಳುಪಿನಲ್ಲಿ ಸೋಗೆಯೊಳಗೇ ಕರಗಿಹೋಗುತ್ತದೆ. ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 90 ದಾಟಿದ, 4,000–5,000 ಕೆಲ್ವಿನ್‌ನ ಎಲ್ಇಡಿಯಲ್ಲಿ ಅದರ ಮೈಮೇಲಿನ ಕಂದು ಮಚ್ಚೆ ಬೇರೆಯಾಗಿ ಕಾಣುತ್ತದೆ. ಸ್ವಲ್ಪ ಲ್ಯೂಮೆನ್ ಕಡಿಮೆಯಾಗುತ್ತದೆ, ಆಗಲಿ.

ಮಳೆಗೆ ಐಪಿಎಕ್ಸ್7 ಸಾಕು: ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ತಡೆಯುತ್ತದೆ. ಮುಂದಕ್ಕೆಳೆದು ಜೂಮ್ ಮಾಡುವ ಅಗ್ಗದವು ಆ ಜಾರುವ ಸಂದಿಯಲ್ಲೇ ನೀರು ಕುಡಿಯುತ್ತವೆ.

ಇಷ್ಟೆಲ್ಲ 2,000–3,000 ರೂಪಾಯಿಯೊಳಗೆ ಸಿಗುತ್ತದೆ, ಅದರಾಚೆ ನಾನಾದರೆ ಕೊಡುವುದಿಲ್ಲ. ತಂದ ಮೇಲೆ ಬೆಳಕು ಮಿಣಮಿಣ ಅಂದರೆ ಎಲ್ಇಡಿ ಹೋಯಿತು ಎಂದುಕೊಳ್ಳಬೇಡಿ. ಲೋಹದ ಟಾರ್ಚ್‌ನಲ್ಲಿ ಕರೆಂಟು ಮೈಯ ಮೂಲಕವೇ ಹಾಯುತ್ತದೆ, ಹಿಂದಿನ ಮುಚ್ಚಳದ ಥ್ರೆಡ್‌ನಲ್ಲಿ ಕೊಳೆ ಕೂತರೆ ತಡೆಯಾಗುತ್ತದೆ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಥ್ರೆಡ್ ಒರೆಸಿ, ರಬ್ಬರ್ ಉಂಗುರಕ್ಕೆ ಚೂರು ಸಿಲಿಕೋನ್ ಗ್ರೀಸ್ ಸವರಿ ಬಿಗಿಯಾಗಿ ತಿರುಗಿಸಿ.